ಬೈಲಕುಪ್ಪೆಗೆ ಬರುವವರಲ್ಲಿ ಒಂದು ಬಿನ್ನಹ

ಬೆಂಗಳೂರು, ಮೈಸೂರು, ಮಂಡ್ಯ, ಹಾಸನದ ಕಡೆಯಿಂದ ರಜೆ ಸಿಕ್ಕಾಗಲೆಲ್ಲ ಕೊಡಗಿನ ದಾರಿ ಹಿಡಿಯುವ ನನ್ನ ನಾಡಿನವರೆಲ್ಲರಿಗೆ,

ನಾನು ಕುಶಾಲನಗರದವಳು. ನಮ್ಮೂರಿನ ಕಾವೇರಿ ಸೇತುವೆ ದಾಟಿ ಕೊಪ್ಪಕ್ಕೆ ಬಂದರೆ ಕೊಡಗು ಮುಗಿದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು ಶುರುವಾಗುತ್ತದೆ. ಅಲ್ಲಿಂದ ಜೋಳದ ಹೊಲಗಳ ನಡುವೆ ಸ್ವಲ್ಪ ದೂರ ಹೋದರೆ ಬೈಲಕುಪ್ಪೆಯ ಟಿಬೆಟನ್ ನೆಲೆಯಲ್ಲಿರುವ, ನೀವೆಲ್ಲ ಗೋಲ್ಡನ್ ಟೆಂಪಲ್ ಎಂದು ಕರೆಯುವ ನಾಮ್‌ಡ್ರೋಲಿಂಗ್ ವಿಹಾರ. ಬೆಳಿಗ್ಗೆ ದುಬಾರೆಯ ಆನೆ, ಆಮೇಲೆ ನಿಸರ್ಗಧಾಮ, ಮಧ್ಯಾಹ್ನಕ್ಕೆ ಗೋಲ್ಡನ್ ಟೆಂಪಲ್, ಸಂಜೆಗೆ ಮಡಿಕೇರಿಯ ರಾಜಾಸೀಟು. ಟಿಟಿ ಗಾಡಿಯವರ ಪಟ್ಟಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಆ ಪಟ್ಟಿಯ ಉಳಿದ ಜಾಗಗಳೆಲ್ಲ ನೋಡುವುದಕ್ಕೆಂದೇ ಇರುವಂಥವು. ಬೈಲಕುಪ್ಪೆ ಸಾವಿರಾರು ಜನರ ಮನೆ ಎಂಬುದನ್ನು ಗಾಡಿ ಹತ್ತುವಾಗ ಯಾರೂ ನಿಮಗೆ ಹೇಳುವುದಿಲ್ಲ.

ನೀವು ಬರಬೇಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಬಂದ ಮೇಲೆ ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಯಾರಾದರೂ ಹೇಳಬೇಕಾಗಿದೆ. ಅಲ್ಲಿರುವವರು ಹೇಳುವುದಿಲ್ಲ. ಹಾಗಾಗಿ ಪಕ್ಕದ ಊರಿನವಳು ಹೇಳುತ್ತಿದ್ದೇನೆ.

ಮಂದಿರದೊಳಗೆ ಸುಮಾರು 60 ಅಡಿ ಎತ್ತರದ ಬುದ್ಧನನ್ನೂ ಅಕ್ಕಪಕ್ಕದ ಪದ್ಮಸಂಭವ, ಅಮಿತಾಯುಸ್ ಮೂರ್ತಿಗಳನ್ನೂ ನೋಡಿ ಹೊರಬಂದ ಮೇಲೆ ನಿಮ್ಮಲ್ಲಿ ಅನೇಕರು ಗಾಡಿಯ ಕಡೆ ಹೋಗುವುದಿಲ್ಲ. ಆಚೆ ಸಾಲುಸಾಲಾಗಿ ಕಾಣುವ ಕಟ್ಟಡಗಳತ್ತ ನಡೆಯುತ್ತೀರಿ. ಉದ್ದನೆಯ ವರಾಂಡ, ಕಂಬಿಯ ಮೇಲೆ ಒಣಹಾಕಿದ ಕಡುಗೆಂಪು ಬಟ್ಟೆ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ. ಯಾರೂ ತಡೆಯುವುದಿಲ್ಲ. ಬಾಗಿಲು ಓರೆಯಾಗಿ ತೆರೆದಿದ್ದರೆ ತಲೆ ಒಳಗೆ ಹಾಕಿ ನೋಡುವವರಿದ್ದಾರೆ. ಒಣಗಿದ ಬಟ್ಟೆಯ ಹಿಂದೆ ಮುಖವಿಟ್ಟು ಸೆಲ್ಫಿ ತೆಗೆದುಕೊಳ್ಳುವವರಿದ್ದಾರೆ. ಪಾಠದ ಕೋಣೆಯ ಕಿಟಕಿಗೆ ಫೋನು ಒತ್ತಿ ವಿಡಿಯೊ ಮಾಡುವವರಿದ್ದಾರೆ. ಮಧ್ಯಾಹ್ನ ಒಂದು ಗಳಿಗೆ ಮಲಗಿದ್ದ ವಯಸ್ಸಾದ ಭಿಕ್ಷು ಎದ್ದು ಬಂದು, ಏನೂ ಅನ್ನದೆ ಬಾಗಿಲು ಎಳೆದುಕೊಂಡದ್ದನ್ನು ನಾನು ಕಂಡಿದ್ದೇನೆ. ವರಾಂಡದಲ್ಲಿದ್ದ ಹುಡುಗರ ಗುಂಪಿನಿಂದ ಬಂದ ಮಾತು, "ಅಯ್ಯೋ, ಒಳಗೆ ಚೆನ್ನಾಗಿತ್ತಲ್ಲೋ, ತೋರಿಸಬಾರದಾ?"

ಆ ಹುಡುಗರು ಕೆಟ್ಟವರಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದೇ ವಿಷಯ, ಮತ್ತು ಅದು ನಮ್ಮ ಅಭ್ಯಾಸದಿಂದ ಬಂದದ್ದು. ನಮ್ಮ ದೇವಸ್ಥಾನಗಳಲ್ಲಿ ಅರ್ಚಕರು ಮಹಾಮಂಗಳಾರತಿ ಮುಗಿಸಿ ಬೀಗ ಹಾಕಿ ಮನೆಗೆ ಹೋಗುತ್ತಾರೆ. ಪ್ರಾಕಾರದಲ್ಲಿ ಯಾರ ಹಾಸಿಗೆಯೂ ಇರುವುದಿಲ್ಲ. ಗರ್ಭಗುಡಿಯೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಓಡಾಡಬಹುದು, ಕಂಬಕ್ಕೆ ಒರಗಿ ಕೂರಬಹುದು, ಪುಳಿಯೋಗರೆ ತಿನ್ನಬಹುದು. ವಿಹಾರದಲ್ಲಿ ಈ ಲೆಕ್ಕ ತಿರುವುಮುರುವು. ಮೂರ್ತಿಯ ಹತ್ತಿರದವರೆಗೆ ಯಾರು ಬೇಕಾದರೂ ಹೋಗಬಹುದು. ಸುತ್ತಲಿನ ಆವರಣದ ಬಹುಭಾಗ ಜನ ವಾಸಿಸುವ ಜಾಗ. ಅಲ್ಲಿ ಅವರು ಉಣ್ಣುತ್ತಾರೆ, ಓದುತ್ತಾರೆ, ಜ್ವರ ಬಂದರೆ ಮಲಗುತ್ತಾರೆ, ಊರಿನಿಂದ ಕೆಟ್ಟ ಸುದ್ದಿ ಬಂದರೆ ಅಳುತ್ತಾರೆ. ನಾವು ಸಿದ್ಧಗಂಗೆಗೆ ಹೋದರೆ ಗದ್ದುಗೆಗೆ ನಮಸ್ಕರಿಸಿ, ದಾಸೋಹದಲ್ಲಿ ಉಂಡು ಬರುತ್ತೇವೆ. ಅಲ್ಲಿ ಓದುವ ಸಾವಿರಾರು ಹುಡುಗರ ಕೋಣೆಗಳಿಗೆ ನುಗ್ಗಿ ಅವರ ಟ್ರಂಕುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದಿಲ್ಲ. ಬೈಲಕುಪ್ಪೆಯ ಹುಡುಗರಿಗೂ ಇಷ್ಟೇ ಮರ್ಯಾದೆ ಸಾಕು.

ಈ ಮನೆ ಹೇಗೆ ಎದ್ದು ನಿಂತಿತು ಎಂಬುದನ್ನು ತಿಳಿದವರಿಗೆ ಇಲ್ಲಿನ ಬಾಗಿಲುಗಳ ಬೆಲೆ ಬೇರೆಯಾಗಿ ಕಾಣುತ್ತದೆ. 1959ರ ಮಾರ್ಚಿನಲ್ಲಿ ದಲೈ ಲಾಮಾ ಟಿಬೆಟಿನ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಅವರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ರಾಜ್ಯದ ನಾಯಕರಾಗಿದ್ದ ನಿಜಲಿಂಗಪ್ಪನವರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುವುದು ಈ ಕಾರಣಕ್ಕೆ. ಬೈಲಕುಪ್ಪೆಯ ಕಾಡಿನಂಚಿನಲ್ಲಿ ಸುಮಾರು 3,000 ಎಕರೆ ಜಾಗ ಸಿಕ್ಕಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂತು. ತಣ್ಣನೆಯ ಪ್ರಸ್ಥಭೂಮಿಯಿಂದ ಬಂದವರು ನಮ್ಮ ಬಿಸಿಲಿನಲ್ಲಿ ಗುಡಾರ ಹಾಕಿಕೊಂಡು, ಮರ ಕಡಿದು, ಆನೆಗಳ ಭಯದಲ್ಲಿ ರಾತ್ರಿ ಕಳೆದು ಜೋಳ ಬಿತ್ತಿದರು. 1969ರಲ್ಲಿ ಪಕ್ಕದಲ್ಲೇ ಎರಡನೆಯ ನೆಲೆ ಬಂತು. ಮುಂಡಗೋಡು, ಹುಣಸೂರು ತಾಲ್ಲೂಕಿನ ಗುರುಪುರ, ಕೊಳ್ಳೇಗಾಲದ ಆಚೆಯ ಒಡೆಯರಪಾಳ್ಯ ಸೇರಿದರೆ ಕರ್ನಾಟಕದಲ್ಲಿ ಒಟ್ಟು 5 ನೆಲೆಗಳು.

ನಾಮ್‌ಡ್ರೋಲಿಂಗ್ ಕಟ್ಟಿದ ಪೆನೋರ್ ರಿಂಪೋಚೆ ಪೂರ್ವ ಟಿಬೆಟಿನ ಪಲ್ಯೂಲ್ ಮಠದವರು. ಅವರ ಜೊತೆ ಸುಮಾರು 300 ಜನ ಹೊರಟಿದ್ದರಂತೆ. ಭಾರತದ ಗಡಿ ಮುಟ್ಟಿದವರು ಸುಮಾರು 30. 1963ರಲ್ಲಿ ಅವರು ಬೈಲಕುಪ್ಪೆಯಲ್ಲಿ ಬಿದಿರಿನ ಒಂದು ಗುಡಿ ಹಾಕಿದರು. ಕಲ್ಲು ಮಣ್ಣು ಹೊತ್ತವರಲ್ಲಿ ಅವರೂ ಒಬ್ಬರು. ನೀವು ಇಂದು ನೋಡುವ ಬಂಗಾರದ ಮಂದಿರ ಉದ್ಘಾಟನೆಯಾದದ್ದು 1999ರಲ್ಲಿ. ಅಂದರೆ ನೀವು ನೋಡಲು ಬರುವ ಮಂದಿರ ಏಳುವುದಕ್ಕೆ ಎಷ್ಟೋ ವರ್ಷ ಮೊದಲೇ ಅಲ್ಲಿ ಭಿಕ್ಷುಗಳು ವಾಸವಾಗಿದ್ದರು, ಪಾಠಶಾಲೆ ನಡೆಯುತ್ತಿತ್ತು.

ಅಲ್ಲೇ ಸಮೀಪದ ಸೆರಾ ಮಠದ ಕಥೆ ಇನ್ನೂ ಕಠಿಣ. ಅದರ ಮೂಲ ಲಾಸಾದ ಹತ್ತಿರ 1419ರಲ್ಲಿ ಸ್ಥಾಪನೆಯಾದ ಮಹಾಮಠ. ತಪ್ಪಿಸಿಕೊಂಡು ಬಂದ ಅದರ ಭಿಕ್ಷುಗಳು ಹತ್ತಿರಹತ್ತಿರ ಹತ್ತು ವರ್ಷ ಬಂಗಾಳದ ಬಕ್ಸಾದಲ್ಲಿದ್ದರು. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಬಂದಿಖಾನೆ. ಒಂದೇ ಕೊಠಡಿಯಲ್ಲಿ ಸಾಲಾಗಿ ಮಲಗಿ, ಅಲ್ಲೇ ಓದಿ, ಅಲ್ಲೇ ಕ್ಷಯ ಹಿಡಿದು ಎಷ್ಟೋ ಜನ ತೀರಿಹೋದರು. 1970ರ ಹೊತ್ತಿಗೆ ಸುಮಾರು 300 ಜನ ಬೈಲಕುಪ್ಪೆಗೆ ಬಂದು ಮಠವನ್ನು ಮತ್ತೆ ಕಟ್ಟಿದರು. ಬಂದಿಖಾನೆಯಿಂದ ಬಂದವರು ಕೋಣೆ ಕಟ್ಟಿ ಅದಕ್ಕೊಂದು ಬಾಗಿಲು ಇಟ್ಟರು. ಆ ಬಾಗಿಲನ್ನು ಅವರಿಗೆ ಬೇಕಾದಾಗ ತೆರೆದು ಬೇಕಾದಾಗ ಮುಚ್ಚುವ ಹಕ್ಕನ್ನು ನಾವು ರಜಾದಿನದ ಉತ್ಸಾಹದಲ್ಲಿ ಕಿತ್ತುಕೊಳ್ಳಬಾರದು.

ನನಗೆ ಎಲ್ಲಕ್ಕಿಂತ ನೋವು ತರುವುದು ಚಿಕ್ಕ ಮಕ್ಕಳ ವಿಷಯ. ಏಳೆಂಟು ವರ್ಷಕ್ಕೇ ಮಠ ಸೇರಿದ ಮಕ್ಕಳು ಅಲ್ಲಿದ್ದಾರೆ. ತಲೆ ಬೋಳಿಸಿಕೊಂಡು ಕಡುಗೆಂಪು ಬಟ್ಟೆ ಸುತ್ತಿಕೊಂಡ ಆ ಮಗು ಓಡಿ ಹೋಗುವುದನ್ನು ಕಂಡರೆ ಯಾರಿಗಾದರೂ ಮುದ್ದು ಬರುತ್ತದೆ, ಒಪ್ಪುತ್ತೇನೆ. ಆದರೆ ಕೆನ್ನೆ ಹಿಂಡುವುದು, ಎತ್ತಿಕೊಳ್ಳುವುದು, ಚಾಕಲೇಟು ತೋರಿಸಿ ಹತ್ತಿರ ಕರೆದು "ಸ್ಮೈಲ್ ಮಾಡು" ಎನ್ನುವುದು, ಆ ಫೋಟೊವನ್ನು ಅದೇ ಸಂಜೆ ಊರಿಗೆಲ್ಲ ಹಂಚುವುದು? ನಿಮ್ಮ ಮಗಳ ಶಾಲೆಗೆ ಗುರುತಿಲ್ಲದ ಒಬ್ಬ ಗಂಡಸು ಬಂದು ಅವಳ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆದರೆ ನೀವು ಅದೇ ಕ್ಷಣ ಮುಖ್ಯೋಪಾಧ್ಯಾಯರ ಮುಂದೆ ನಿಂತಿರುತ್ತೀರಿ. ಈ ಮಕ್ಕಳಲ್ಲಿ ಅನೇಕರ ತಂದೆತಾಯಿ ದೂರದ ಲಡಾಖ್, ಅರುಣಾಚಲ, ನೇಪಾಳ, ಭೂತಾನದಂಥ ಕಡೆ ಇರುತ್ತಾರೆ. ಅವರ ಪರವಾಗಿ ಬಂದು ನಿಲ್ಲುವವರು ಅಲ್ಲಿಲ್ಲ. ಮಗು ನಕ್ಕರೆ ಅದು ಒಪ್ಪಿಗೆಯಲ್ಲ; ದೊಡ್ಡವರು ಕ್ಯಾಮೆರಾ ಹಿಡಿದಾಗ ಮಕ್ಕಳು ಸಾಮಾನ್ಯವಾಗಿ ನಗುತ್ತಾರೆ. ಹಾಗೆಯೇ ಭಿಕ್ಷುಣಿಯರ ವಿಹಾರ. ಅಲ್ಲಿ ಹೆಣ್ಣುಮಕ್ಕಳು ಇರುತ್ತಾರೆ ಎಂದು ಗೊತ್ತಿದ್ದೂ ಹುಡುಗರು ಬೈಕು ತಿರುಗಿಸಿಕೊಂಡು ಒಳಗೆ ಹೋಗುವುದಕ್ಕೆ ನಾನು ಯಾವ ನೆಪವನ್ನೂ ಒಪ್ಪುವುದಿಲ್ಲ.

ಸೆರಾದಲ್ಲಿ ನಡೆಯುವ ವಾದ ನಿಮಗೆ ಬಹಳ ಹಿಡಿಸುತ್ತದೆ. ಅಂಗಳದಲ್ಲಿ ಒಬ್ಬ ಕುಳಿತಿರುತ್ತಾನೆ, ಇನ್ನೊಬ್ಬ ನಿಂತು ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ನೋಡಲು ನಾಟಕದ ಹಾಗಿದೆ. ಆದರೆ ಅದು ಪರೀಕ್ಷೆಯ ತಯಾರಿ. ಗೆಶೆ ಪದವಿಗೆ ಇಪ್ಪತ್ತು ವರ್ಷದಷ್ಟು ಓದು ಬೇಕು; ಆ ಓದಿನ ಬೆನ್ನೆಲುಬು ಈ ವಾದ. ಉತ್ತರ ಹುಡುಕುತ್ತಿರುವವನ ಮುಖದಿಂದ ಎರಡು ಅಡಿ ದೂರದಲ್ಲಿ ಯಾರೋ ಫೋನು ಹಿಡಿದು ನಿಂತಿರುತ್ತಾರೆ. ದೂರ ನಿಂತು ನೋಡಿದರೆ ನಿಮಗೂ ಚೆನ್ನ, ಅವರಿಗೂ ಚೆನ್ನ. ಅವರ ಸಾಲುಗಳ ನಡುವೆ ನಡೆಯಬೇಡಿ.

ಮಳೆಗಾಲದ ಮಾತೂ ಹೇಳಬೇಕು. ಕೊಡಗಿನ ಮಳೆ ನೋಡಲೆಂದು ಜುಲೈ, ಆಗಸ್ಟಿನಲ್ಲಿ ನೀವು ಗುಂಪುಗುಂಪಾಗಿ ಬರುತ್ತೀರಿ. ಭಿಕ್ಷುಗಳು ಯಾರ್ನೆ ಎಂಬ ವರ್ಷಾವಾಸದ ವ್ರತ ಹಿಡಿಯುವುದು ಅದೇ ಮಳೆಗಾಲದಲ್ಲಿ. ಬುದ್ಧನ ಕಾಲದಿಂದ ನಡೆದುಬಂದ ಪದ್ಧತಿ ಅದು. ಆ ವಾರಗಳಲ್ಲಿ ಅವರು ಮಠದ ಗಡಿಯೊಳಗೇ ಇದ್ದು ಅಧ್ಯಯನ, ಧ್ಯಾನದಲ್ಲಿ ತೊಡಗಿರುತ್ತಾರೆ. ಗದ್ದಲವಾದರೆ ಎದ್ದು ಹೊರಗೆ ಹೋಗುವ ಹಾಗಿಲ್ಲ. ಅವರು ಹೊರಬರಲಾಗದ ದಿನಗಳಲ್ಲೇ ನಾವು ಹೆಚ್ಚು ಒಳನುಗ್ಗುತ್ತಿದ್ದೇವೆ.

ವಿಹಾರಗಳಾಚೆ ಕ್ಯಾಂಪುಗಳಿವೆ. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದು ನಂಬರಿನಿಂದಲೇ ಕರೆಯುವ ಆ ಹಳ್ಳಿಗಳಲ್ಲಿ ಸಂಸಾರಸ್ಥರಿದ್ದಾರೆ. ಮಳೆಗಾಲದಲ್ಲಿ ಬೇಸಾಯ, ಚಳಿಗಾಲ ಬಂದರೆ ಮನೆಮಂದಿ ಸ್ವೆಟರ್ ಮಾರಲು ದೂರದೂರದ ಊರುಗಳಿಗೆ. ಆಗ ಮನೆಯಲ್ಲಿ ಉಳಿಯುವವರು ಮುದುಕರು. ಬಣ್ಣದ ಬಾವುಟ ಕಟ್ಟಿದ ಅಂಗಳದಲ್ಲಿ ಮಣಿಚಕ್ರ ತಿರುಗಿಸುತ್ತ ಕುಳಿತ ಅಜ್ಜಿಯ ಮುಖದ ಸುಕ್ಕುಗಳಿಗೆ ಬೇಲಿಯಾಚೆಯಿಂದ ದೊಡ್ಡ ಲೆನ್ಸು ಹಿಡಿಯುವವರನ್ನು ಕಂಡಿದ್ದೇನೆ. ಆ ಅಜ್ಜಿ ಜಪ ಮಾಡುತ್ತಿರುತ್ತಾಳೆ. ಗೇಟಿನ ಹೊರಗೆ ನಿಂತು "ಅಜ್ಜೀ, ಬರಬಹುದಾ?" ಎಂದರೆ ಸಾಕು, ಕನ್ನಡ ಬಲ್ಲವರು ಅಲ್ಲಿ ಬೇಕಾದಷ್ಟಿದ್ದಾರೆ. ಬನ್ನಿ ಎಂದರೆ ಬೆಣ್ಣೆ ಚಹಾ ಕೊಟ್ಟು ಕೂರಿಸುತ್ತಾರೆ. ಬೇಡ ಎಂದರೆ ಮುಂದೆ ಹೋಗಿ.

ಅವರಿಗೆ ತೊಂದರೆಯಾದರೆ ಅವರೇ ಹೇಳಲಿ ಎಂಬ ಮಾತು ಕೇಳಿದ್ದೇನೆ. ಅವರು ಯಾಕೆ ಹೇಳುವುದಿಲ್ಲ ಎಂಬುದನ್ನು ದಯವಿಟ್ಟು ಯೋಚಿಸಿ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದರೂ ಅವರಲ್ಲಿ ಬಹಳ ಮಂದಿಗೆ ಇರುವುದು ವಿದೇಶಿಯರ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. 1950ರಿಂದ 1987ರ ಜೂನ್ ಕೊನೆಯವರೆಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ನಮ್ಮ ಹೈಕೋರ್ಟು 2013ರಲ್ಲಿ ಹೇಳಿತು. ಆದರೂ ಮನಸ್ಸಿನಲ್ಲಿ ಅವರು ಅತಿಥಿಗಳಾಗಿಯೇ ಉಳಿದಿದ್ದಾರೆ. ಜಾಗ ಕೊಟ್ಟವರ ಮಕ್ಕಳು ಅಂಗಳಕ್ಕೆ ಬಂದರೆ ಹೊರಗೆ ಹೋಗಿ ಎನ್ನುವುದು ಅವರ ಬಾಯಲ್ಲಿ ಬರುವುದಿಲ್ಲ. ಸುತ್ತಲಿನ ಊರುಗಳೊಂದಿಗೆ ಮನಸ್ತಾಪ ಬೇಡ ಎಂದು ಹಿರಿಯರು ಕಿರಿಯರಿಗೆ ಹೇಳುತ್ತಲೇ ಇರುತ್ತಾರೆ. ಅವರ ಮೌನವನ್ನು ಸಮ್ಮತಿ ಎಂದುಕೊಂಡರೆ ಅವರ ಕೃತಜ್ಞತೆಯನ್ನೇ ನಾವು ದುರುಪಯೋಗ ಮಾಡಿಕೊಂಡಂತಾಯಿತು.

ನಮ್ಮಿಂದ ಅವರಿಗೆ ವ್ಯಾಪಾರ ಆಗುತ್ತದಲ್ಲ ಎನ್ನುವವರಿಗೂ ಒಂದು ಮಾತು. ಹೌದು, ಎದುರಿನ ಅಂಗಡಿ ಸಾಲಿನಲ್ಲಿ ಮೊಮೊ, ಥುಕ್ಪಾ, ಮಣಿಸರ, ಊದುಬತ್ತಿ ಮಾರುತ್ತಾರೆ. ಅಲ್ಲಿ ಹೋಗಿ, ಚೌಕಾಸಿ ಮಾಡಿ, ಹೊಟ್ಟೆ ತುಂಬ ತಿನ್ನಿ. ಅಂಗಡಿ ತೆರೆದವನು ಗಿರಾಕಿಗೆ ಕಾಯುತ್ತಾನೆ. ಕೋಣೆಯಲ್ಲಿ ಗ್ರಂಥ ಬಿಚ್ಚಿ ಕುಳಿತವನು ಯಾರಿಗೂ ಕಾಯುತ್ತಿಲ್ಲ. ನೂರು ರೂಪಾಯಿಯ ಮೊಮೊ ಕೊಂಡದ್ದಕ್ಕೆ ಊರೇ ನಮ್ಮದಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದೂ ಕೆಲವರು ಕೇಳಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕಿನ ನೆಲೆಯಾದ ಸಂವಿಧಾನದ 21ನೇ ವಿಧಿ ನಾಗರಿಕರಿಗೆ ಮಾತ್ರ ಸೀಮಿತವಲ್ಲ, ಈ ನೆಲದ ಮೇಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಸೇರಿದ್ದು. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲೇ ಇದು ಸ್ಪಷ್ಟವಾಗಿದೆ. ಈ ತೀರ್ಪುಗಳು ಮುಖ್ಯವಾಗಿ ಸರ್ಕಾರದ ಕೈ ಕಟ್ಟಲು ಬಂದವು ನಿಜ. ಆದರೆ ಸರ್ಕಾರವೇ ತಟ್ಟದೆ ಬರಬಾರದು ಎನ್ನುವ ಬಾಗಿಲನ್ನು ನಾನು, ನೀವು ತಳ್ಳಿಕೊಂಡು ಹೋಗಬಹುದೆ? ವಿದೇಶಿಯರು ಬೈಲಕುಪ್ಪೆಯಲ್ಲಿ ಉಳಿದುಕೊಳ್ಳಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ನಮಗೆ ಯಾವ ಅನುಮತಿಯೂ ಬೇಡ, ಯಾವ ಟಿಕೆಟ್ಟೂ ಇಲ್ಲ. ನಮ್ಮ ಮೇಲೆ ಇಟ್ಟ ನಂಬಿಕೆ ಅಷ್ಟು.

ಹಾಗಾದರೆ ಬಂದು ಏನು ಮಾಡಬೇಕು? ಮಂದಿರದಲ್ಲಿ ಕೂತುಕೊಳ್ಳಿ. ಬಹಳ ಜನ ಒಳಗೆ ಬಂದವರೇ ಫೋಟೊ ತೆಗೆದು ಹೊರಟುಬಿಡುತ್ತಾರೆ. ಗೋಡೆಯ ಚಿತ್ರಗಳಲ್ಲಿ ಒಂದು ಕಥೆಯನ್ನಾದರೂ ಪೂರ್ತಿ ನೋಡುವವರು ಅಪರೂಪ. ಪೂಜೆ ನಡೆಯುತ್ತಿದ್ದರೆ ಹಿಂದೆ, ಗೋಡೆಯ ಬದಿಗೆ ಕುಳಿತು ಆ ಉದ್ದನೆಯ ಕೊಂಬುಗಳ, ನಗಾರಿಯ ಸದ್ದು ಕೇಳಿ. ಪ್ರಾರ್ಥನಾಚಕ್ರಗಳ ಸಾಲಿನಲ್ಲಿ ಹಿರಿಯರು ಎಡದಿಂದ ಬಲಕ್ಕೆ ಪ್ರದಕ್ಷಿಣೆ ಹೋಗುತ್ತಿರುತ್ತಾರೆ, ನೀವೂ ಅದೇ ದಿಕ್ಕಿನಲ್ಲಿ ಹೋಗಿ. ಯಾರ ಫೋಟೊ ಬೇಕೋ ಅವರನ್ನೇ ಕೇಳಿ, ಮಕ್ಕಳದ್ದು ಬೇಡವೇ ಬೇಡ. ಡ್ರೋನು ಹಾರಿಸಬೇಡಿ, ಮಾಳಿಗೆಯ ಮೇಲೆ ಸ್ನಾನ ಮಾಡಿ ಬಟ್ಟೆ ಒಣಹಾಕುವವರಿರುತ್ತಾರೆ. ಲೋಸಾರ್ ಹೊಸವರ್ಷಕ್ಕೆ ಮುನ್ನ ಮುಖವಾಡದ ನೃತ್ಯ ನಡೆಯುತ್ತದೆ, ಫೆಬ್ರವರಿ ಮಾರ್ಚಿನ ಹೊತ್ತಿಗೆ. ಆಗ ಅಂಗಳವೆಲ್ಲ ನೋಡುಗರಿಗೆ ತೆರೆದಿರುತ್ತದೆ, ಆಗ ಖಂಡಿತ ಬನ್ನಿ.

ಶಾಲಾ ಪ್ರವಾಸ ಕರೆತರುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಡಿಸೆಂಬರಿನಲ್ಲಿ ನಿಮ್ಮ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸದ್ದು ಮಾಡಬೇಡಿ ಎನ್ನುತ್ತೀರಿ, ಸಂತೋಷ. ಅದರ ಜೊತೆಗೆ ಬಸ್ಸಿನಲ್ಲೇ ಐದು ನಿಮಿಷ ಈ ಜನ ಯಾರು, ಎಲ್ಲಿಂದ ಬಂದರು, ಇಲ್ಲಿ ನಿಮ್ಮದೇ ವಯಸ್ಸಿನ ಹುಡುಗರು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾರೆ ಎಂದು ಹೇಳಿಬಿಡಿ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ. ಟಿಟಿ ಗಾಡಿಯ ಚಾಲಕರೇ, ನಿಮ್ಮ ಮಾತನ್ನು ಪ್ರವಾಸಿಗರು ಕೇಳುತ್ತಾರೆ. "ಮಂದಿರ ನೋಡಿ ಬನ್ನಿ, ಹಿಂದಿನ ಕಟ್ಟಡಗಳು ಅವರ ಮನೆಗಳು" ಎಂಬ ಒಂದು ವಾಕ್ಯ ಇಳಿಸುವಾಗ ಹೇಳಿ. ರೀಲ್ಸ್ ಮಾಡುವ ತಮ್ಮಂದಿರೇ, ತಂಗಿಯರೇ, 'ಯಾರಿಗೂ ಗೊತ್ತಿಲ್ಲದ ಜಾಗ' ಎಂದು ನೀವು ತೋರಿಸುವ ಆ ಮೂಲೆ ಅಲ್ಲಿ ದಿನವೂ ಮಲಗಿ ಏಳುವವರಿಗೆ ಚೆನ್ನಾಗಿ ಗೊತ್ತು. ನಿಮ್ಮ ವಿಡಿಯೊ ನೋಡಿದ ನೂರಾರು ಜನ ಮುಂದಿನ ವಾರ ಅದೇ ಮೂಲೆ ಹುಡುಕಿಕೊಂಡು ಬರುತ್ತಾರೆ. ಅಂಥ ವಿಡಿಯೊ ಹಾಕಿದ್ದರೆ ತೆಗೆದುಬಿಡಿ.

ಕೊಡಗಿನವರಿಗೂ ಈ ಸಂಕಟ ಹೊಸದಲ್ಲ. ರಸ್ತೆ ಬದಿಯ ಕಾಫಿ ತೋಟಕ್ಕೆ ಇಳಿದು, ಹೂ ಬಿಟ್ಟ ರೆಂಬೆ ಮುರಿದು ಫೋಟೊ ತೆಗೆಸಿಕೊಳ್ಳುವವರ ಕಾಟಕ್ಕೆ ತೋಟದವರು ಬೇಲಿ ಬಿಗಿ ಮಾಡಿದ್ದಾರೆ, ಗೇಟಿಗೆ ಬೀಗ ಹಾಕಿದ್ದಾರೆ, ಬೋರ್ಡು ನೆಟ್ಟಿದ್ದಾರೆ. ನಮ್ಮ ಜಾಗ, ನಮ್ಮ ದನಿ. ಜಗಳವಾಡುವ ಧೈರ್ಯ ನಮಗಿದೆ. ಬೈಲಕುಪ್ಪೆಯವರು ಬೀಗ ಹಾಕಿಲ್ಲ. ಹಾಕುವ ಪರಿಸ್ಥಿತಿ ಬಂದರೆ ಮಂದಿರದ ಬಾಗಿಲೂ ನಮಗೆ ಸುಲಭವಾಗಿ ತೆರೆಯಲಾರದು, ಆಗ ಅವರನ್ನು ದೂರುವ ಹಕ್ಕು ನಮಗಿರುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಮುಂದಿನ ಸಲ ಬಂದಾಗ ಮಂದಿರ ನೋಡಿ, ಅಂಗಡಿ ಬೀದಿಯಲ್ಲಿ ಸುತ್ತಾಡಿ. ಕೋಣೆಗಳ ಸಾಲು ಶುರುವಾಗುವಲ್ಲಿ ನಿಂತುಬಿಡಿ. ನಿಮ್ಮ ಜೊತೆಗೆ ಬಂದವರು ಮುಂದೆ ಹೋಗುತ್ತಿದ್ದರೆ ಅವರನ್ನೂ ಕರೆದು ನಿಲ್ಲಿಸಿ. ಮುಂಡಗೋಡಿಗೆ ಹೋದರೂ, ಒಡೆಯರಪಾಳ್ಯಕ್ಕೆ ಹೋದರೂ ಹೀಗೆಯೇ ನಡೆದುಕೊಳ್ಳಿ.

ಇಂತಿ ನಿಮ್ಮವಳು,
ಕುಶಾಲನಗರದ ಒಬ್ಬ ನಿವಾಸಿ